ಗಾಡಿ ನಿಲ್ಲಿಸಿ ಬರಲು ಹೋದವನು

ನನ್ನ ಡ್ರೈವರು ಕುಣಿಗಲ್ಲಿನಲ್ಲಿ ತೀರಿಕೊಂಡಿದ್ದು ಕಾರ್ತೀಕ ಮಾಸದಲ್ಲಿ. ಗುಬ್ಬಿಯಲ್ಲಿ ತೀರಿಕೊಂಡಿದ್ದು ಚೈತ್ರದಲ್ಲಿ, ಎರಡನೇ ಶನಿವಾರ, ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ. ನಡುವಿನ ಐದು ತಿಂಗಳು ಅವನನ್ನು ಗುಬ್ಬಿಯಲ್ಲಿ ಬದುಕಿಸಿಟ್ಟವನು ನಾನು. ಇದಕ್ಕಾಗಿ ಯಾರೂ ನನ್ನಿಂದ ಸಮಜಾಯಿಷಿ ಕೇಳಿಲ್ಲ. ಆದರೆ ಮೂವತ್ತಮೂರು ವರ್ಷ ಸರ್ಕಾರದ ಅನ್ನ ತಿಂದವನಿಗೆ, ಕೇಳದಿದ್ದರೂ ಸಮಜಾಯಿಷಿ ಬರೆದಿಡುವ ಚಟ ಹೋಗುವುದಿಲ್ಲ.

ನಾನು ಕೆರೆಗಳ ಇಂಜಿನಿಯರಾಗಿದ್ದೆ. ಹೀಗೆಂದರೆ ಕೆರೆ ಕಟ್ಟಿದವನು ಎಂದು ಜನ ತಿಳಿಯುತ್ತಾರೆ. ನಾನು ಒಂದು ಕೆರೆಯನ್ನೂ ಕಟ್ಟಲಿಲ್ಲ. ನಮ್ಮ ಕಡೆಯ ಕೆರೆಗಳನ್ನೆಲ್ಲ ಯಾವುದೋ ಕಾಲದ ಪುಣ್ಯಾತ್ಮರು ಕಟ್ಟಿ ಮುಗಿಸಿದ್ದಾರೆ. ಅವರು ಕಟ್ಟಿದ ಏರಿಯ ಮೇಲೆ ನಡೆದು, ತೂಬಿನೊಳಗೆ ಇಣುಕಿ, ‘ಇದೆ’ ಎಂದು ಬರೆದುಕೊಂಡು ಬರುವುದು ನನ್ನ ಕೆಲಸ. ಕುಣಿಗಲ್ಲಿನ ದೊಡ್ಡಕೆರೆಯಿಂದ ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯವರೆಗೆ ಮಳೆಗಾಲದಲ್ಲಿ ‘ನೀರು ಬಂದಿದೆ’ ಎಂದೂ ಬೇಸಿಗೆಯಲ್ಲಿ ‘ನೀರು ಇಳಿದಿದೆ’ ಎಂದೂ ವರದಿ ಮಾಡಿದ್ದೇನೆ. ಈ ಎರಡೂ ಸಂಗತಿಗಳನ್ನು ಎಮ್ಮೆಗಳು ನನಗಿಂತ ಮೊದಲೇ ಕಂಡುಕೊಂಡಿರುತ್ತಿದ್ದವು. ಅವುಗಳಿಗೆ ಜೀಪು ಇರಲಿಲ್ಲ ಅಷ್ಟೆ.

ಮದುವೆಯಾಗಲಿಲ್ಲ. ಯಾಕೆಂದು ಕೇಳುವವರು ಇದ್ದ ಕಾಲದಲ್ಲಿ ನನ್ನ ಹತ್ತಿರ ಉತ್ತರವಿರಲಿಲ್ಲ. ಈಗ ಒಂದು ಉತ್ತರ ಹೊಳೆದಿದೆ, ಕೇಳುವವರಿಲ್ಲ.

ಜೀಪಿನ ಮುಂದಿನ ಎಡಗಡೆ ಸೀಟಿನ ಬೆನ್ನಿಗೆ ಒಂದು ಬಿಳಿ ಟರ್ಕಿ ಟವೆಲ್ಲು ಹೊದಿಸಿರುತ್ತಿತ್ತು. ಸರ್ಕಾರದಲ್ಲಿ ಅಧಿಕಾರಿ ಯಾರೆಂಬುದು ಅವನ ತಲೆಯಿಂದ ತಿಳಿಯುವುದಿಲ್ಲ, ಬೆನ್ನ ಹಿಂದಿನ ಟವೆಲ್ಲಿನಿಂದ ತಿಳಿಯುತ್ತದೆ. ಆ ಟವೆಲ್ಲಿಗೆ ಒರಗಿ ನಾನು ಕೂರುತ್ತಿದ್ದೆ, ಪಕ್ಕದಲ್ಲಿ ಡ್ರೈವರು. ಅಮೃತೂರಿನ ಕಡೆಯವನು, ನನಗಿಂತ ಎರಡು ವರ್ಷ ಚಿಕ್ಕವನು. ಹದಿನೆಂಟು ವರ್ಷ ನನ್ನ ಜೊತೆ ಓಡಾಡಿದ. ಮಾತು ಕಡಿಮೆ, ಹಾರ್ನು ಇನ್ನೂ ಕಡಿಮೆ.

ಊಟದ ಹೊತ್ತಿಗೆ ಯಾವ ಊರಿನಲ್ಲಿದ್ದರೂ ನಮ್ಮ ಕ್ರಮ ಒಂದೇ. ಹೋಟೆಲಿನ ಬಾಗಿಲಿಗೆ ಸರಿಯಾಗಿ ಜೀಪು ತಂದು, “ನೀವು ನಡೀರಿ ಸಾ, ಗಾಡಿ ನಿಲ್ಸಿ ಬರ್ತೀನಿ” ಎನ್ನುತ್ತಿದ್ದ. ನಾನು ಒಳಗೆ ಹೋಗಿ, ತಿಂದು, ಕೈತೊಳೆದು ಹೊರಗೆ ಬಂದರೆ ಜೀಪು ಮತ್ತೆ ಬಾಗಿಲಲ್ಲೇ ಇರುತ್ತಿತ್ತು. ಅವನು ಹಲ್ಲುಕಡ್ಡಿ ಕಚ್ಚಿಕೊಂಡು ಸ್ಟೀರಿಂಗಿನ ಹಿಂದೆ.

“ಊಟ ಆಯ್ತೇನಯ್ಯಾ?”

“ಆಯ್ತು ಸಾ.”

ಎಲ್ಲಿ ಎಂದು ನಾನು ಕೇಳುತ್ತಿರಲಿಲ್ಲ. ಹದಿನೆಂಟು ವರ್ಷದಲ್ಲಿ ಒಂದು ಸಲವೂ ಅವನು ಗಾಡಿ ನಿಲ್ಲಿಸಿ ಒಳಗೆ ಬರಲಿಲ್ಲ. ಆಗ ರಸ್ತೆಯ ಎರಡೂ ಕಡೆ ಜಾಗವೋ ಜಾಗ. ಅಂಥ ಕಾಲದಲ್ಲೂ ಅಷ್ಟು ದೀರ್ಘವಾಗಿ ಪಾರ್ಕಿಂಗ್ ಹುಡುಕಿದ ಇನ್ನೊಬ್ಬ ಮನುಷ್ಯ ನಮ್ಮ ಜಿಲ್ಲೆಯಲ್ಲಿ ಇರಲಾರ. ಒಂದೇ ಟೇಬಲ್ಲಿಗೆ ಕೂರದಿರಲು ಕಾರಣ ನನ್ನ ಪದವಿಯೋ, ನನ್ನ ಹಣೆಯ ವಿಭೂತಿಯೋ, ಬರೀ ರೂಢಿಯೋ, ಇಬ್ಬರೂ ಬಾಯಿಬಿಟ್ಟು ಆಡಿದವರಲ್ಲ. ನಮ್ಮ ಕಡೆ ಹೇಳದೆ ನಡೆಯುವ ಏರ್ಪಾಟುಗಳೇ ಗಟ್ಟಿ. ಬರೆದು ಸಹಿ ಹಾಕಿದವು ಎರಡನೇ ಮಳೆಗೆ ಒಡೆದುಹೋಗುತ್ತವೆ. ಕೆರೆ ಕೋಡಿಗಳ ವಿಷಯದಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ.

ನಾನು ನಿವೃತ್ತನಾದ ದಿನ ಅವನು ಸೀಟಿನ ಟವೆಲ್ಲನ್ನು ಒಗೆಸಿ, ನಾಲ್ಕು ಮಡಿಕೆ ಮಾಡಿ ತಂದುಕೊಟ್ಟ.

“ಹೊಸ ಸಾಹೇಬ್ರಿಗೆ ಹೊಸದು ಬತ್ತದೆ ಸಾ. ಇದು ನಿಮ್ ಬೆನ್ನಿಗೆ ಒಗ್ಗಿರೋದು.”

ಅವತ್ತಿನ ಹಾರ, ಶಾಲು, ಹಣ್ಣಿನ ಬುಟ್ಟಿ, ನಾನು ಮಾಡದ ಕೆಲಸಗಳನ್ನೆಲ್ಲ ಹೊಗಳಿದ್ದ ಚೌಕಟ್ಟಿನ ಮಾನಪತ್ರ, ಎಲ್ಲವೂ ಎಲ್ಲೆಲ್ಲೋ ಹೋದವು. ಟವೆಲ್ಲು ಇದೆ.

ಎರಡು ವರ್ಷ ಕಳೆದು ಅವನೂ ನಿವೃತ್ತನಾಗಿ, ಒಂದು ಹಳೆಯ ಬಿಳಿ ಕಾರು ಕೊಂಡ. ಒಂದು ಎರಡನೇ ಶನಿವಾರ ಬೆಳಿಗ್ಗೆ ಆರಕ್ಕೆ, ನಾನು ಕುಣಿಗಲ್ಲಿನಲ್ಲಿ ಬಾಡಿಗೆಗಿದ್ದ ಮಹಡಿಮನೆಯ ಕೆಳಗೆ ಹಾರ್ನು ಎರಡು ಸಲ ಆಯಿತು. ಕಿಟಕಿಯಲ್ಲಿ ಬಗ್ಗಿ ನೋಡಿದೆ.

“ಬನ್ನಿ ಸಾ, ಕೆರೆ ನೋಡ್ಕಂಡ್ ಬರಾನ.”

“ಈಗ ನಾವು ನೋಡಿದರೇನು, ಬಿಟ್ಟರೇನಯ್ಯಾ?”

“ಆಗ್ ಮಾತ್ರ ಏನಾಗ್ತಿತ್ತು ಸಾ?”

ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಇಳಿದೆ.

ಅವತ್ತು ತುಮಕೂರಿನಲ್ಲಿ ತಟ್ಟೆ ಇಡ್ಲಿಗೆ ನಿಂತೆವು. ತಟ್ಟೆ ಇಡ್ಲಿ ಎಂದರೆ ಎಲ್ಲರೂ ಕ್ಯಾತ್ಸಂದ್ರದ ಹೆಸರು ಹೇಳುತ್ತಾರೆ, ಹೋಗುವವರು ಹೋಗಲಿ. ನಮ್ಮದು ಊರೊಳಗಿನ ಒಂದು ಗಲ್ಲಿ. ಬಾಗಿಲಲ್ಲಿ ನನ್ನನ್ನು ಇಳಿಸಿ ಅವನು ಎಂದಿನ ಮಾತು ಹೇಳಿದ: “ನಡೀರಿ ಸಾ, ಗಾಡಿ ನಿಲ್ಸಿ ಬರ್ತೀನಿ.” ಒಳಗೆ ಹೋದೆ. ಎದುರಿನ ಕುರ್ಚಿಯ ಬೆನ್ನಿಗೆ ಟವೆಲ್ಲು ಹಾಸಿದೆ. ಕೂರಲು ಬಂದವರಿಗೆಲ್ಲ “ಜನ ಇದ್ದಾರೆ” ಎಂದೆ. ಎರಡು ತಟ್ಟೆ ಬಂದವು. ಮುಟ್ಟಲಿಲ್ಲ. ಎಷ್ಟು ಹೊತ್ತಾದರೂ ಸಾಹೇಬರು ಹೊರಗೆ ಬರಲಿಲ್ಲವಲ್ಲ ಎಂದು ಕೊನೆಗೆ ಅವನೇ ಬಾಗಿಲಲ್ಲಿ ಇಣುಕಿದ. ಹತ್ತಿರ ಬಂದು ಟವೆಲ್ಲು ನೋಡಿದ.

“ಯಾರೋ ಬರೋರವ್ರೆ ಅಂತ ಕಾಣ್ತದೆ ಸಾ.”

“ಹೌದು. ಗಾಡಿ ನಿಲ್ಲಿಸಲು ಹೋಗಿ ಇಪ್ಪತ್ತು ವರ್ಷವಾಯಿತು. ಕೂತ್ಕೋ.”

ಅವನು ಒಮ್ಮೆ ಬಾಗಿಲ ಕಡೆ ನೋಡಿದ. ಆಮೇಲೆ ಟವೆಲ್ಲನ್ನು ತೆಗೆದು, ಮಡಿಸಿ, ತೊಡೆಯ ಮೇಲಿಟ್ಟುಕೊಂಡು ಕೂತ. ಇಡ್ಲಿ ಆರಿಹೋಗಿತ್ತು, ಮೇಲಿನ ಬೆಣ್ಣೆ ಕರಗದೆ ಹಾಗೇ ಕೂತಿತ್ತು. ಇಬ್ಬರೂ ತಿಂದೆವು.

ಅಲ್ಲಿಂದ ಒಂಬತ್ತು ವರ್ಷ, ಪ್ರತಿ ಎರಡನೇ ಶನಿವಾರ. ಪಿಂಚಣಿದಾರನಿಗೆ ಎಲ್ಲ ದಿನವೂ ರಜವೇ. ಆದರೂ ಎರಡನೇ ಶನಿವಾರದ ರಜಕ್ಕೆ ಒಂದು ಗೌರವವಿದೆ, ಅದು ಸಂಪಾದಿಸಿದ ರಜ. ಬೆಳಿಗ್ಗೆ ಕುಣಿಗಲ್ಲಿನಲ್ಲೇ ಕುದುರೆ ಫಾರಂ ಗೋಡೆಯ ಹತ್ತಿರ ಒಂದು ಕಾಫಿ. ಹೆಬ್ಬೂರಿನಲ್ಲಿ ತಳ್ಳುಗಾಡಿಯ ಮೆಣಸಿನಕಾಯಿ ಬಜ್ಜಿ. ತುಮಕೂರಿನಲ್ಲಿ ತಟ್ಟೆ ಇಡ್ಲಿ. ಮಧ್ಯಾಹ್ನ ಗುಬ್ಬಿಯಲ್ಲಿ ಊಟ. ವಾಪಸು ಬರುವಾಗ ಕಡಬದ ಕೆರೆ ಏರಿಯ ಮೇಲೆ ಎಳನೀರು. ಅಲ್ಲಿ ನಿಂತು ನೀರಿನ ಮಟ್ಟವನ್ನು ನಾನು ಗಂಭೀರವಾಗಿ ನೋಡುತ್ತಿದ್ದೆ. ಅವನು “ಬರ್ಕಂಡ್ರಾ ಸಾ?” ಎನ್ನುತ್ತಿದ್ದ. ಸಂಜೆಗೆ ಮನೆ.

ಹೋಟೆಲುಗಳ ವಿಷಯದಲ್ಲಿ ಅವನದೇ ಒಂದು ಶಾಸ್ತ್ರವಿತ್ತು.

“ಲಾರಿ ನಿಂತವೆ ಅಂತ ಹೋಟ್ಲು ನಂಬ್ಬಾರ್ದು ಸಾ. ಲಾರಿಯೋರು ಜಾಗ ಐತೆ ಅಂತ ನಿಲ್ಸ್ತಾರೆ. ಬೆಳಿಗ್ಗೆ ಹಾಲು ಹಾಕೋನು ತಾನು ಯಾವ ಹೋಟ್ಲಲ್ಲಿ ಕಾಫಿ ಕುಡೀತಾನೆ, ಅದ್ನ ನೋಡ್ಬೇಕು.”

“ಯಾಕಯ್ಯಾ?”

“ಅವನು ನೀರು ಹಾಕ್ದೆ ಹಾಲು ಕೊಡೋದು ಅದೊಂದೇ ಹೋಟ್ಲಿಗೆ.”

ಗುಬ್ಬಿಯಲ್ಲಿ ನಾನು ನೌಕರಿಯ ಕಾಲದಲ್ಲಿ ಊಟ ಮಾಡುತ್ತಿದ್ದುದು ದೊಡ್ಡ ರಸ್ತೆಯ ದೊಡ್ಡ ಹೋಟೆಲಿನಲ್ಲಿ. ಅವನು ಅದನ್ನು ದಾಟಿಸಿಕೊಂಡು ಹಿಂದಿನ ಬೀದಿಯ ಒಂದು ಹೆಂಚಿನ ಮನೆಗೆ ಕರೆದುಕೊಂಡು ಹೋದ. ಬೋರ್ಡಿಲ್ಲ. ನಾಲ್ಕು ಟೇಬಲ್ಲು, ಒಂದು ಸೌದೆ ಒಲೆ, ಒಬ್ಬ ಹೆಂಗಸು. ರಾಗಿ ಮುದ್ದೆ, ಬಸ್ಸಾರು, ಚಳಿಗಾಲವಾದರೆ ಅವರೆಕಾಳು ಸಾರು. ಆಕೆ ಅವನನ್ನು “ಡ್ರೈವರಣ್ಣ” ಎನ್ನುತ್ತಿದ್ದಳು, ನನ್ನನ್ನು “ಸಾಮೇರು”. ಹಿಟ್ಟು ತೊಳಸಿದ ಪಾತ್ರೆಯ ತಳದಲ್ಲಿ ಹತ್ತಿಕೊಂಡು ಹಪ್ಪಳದಂತಾದ ಚಕ್ಕೆಯನ್ನು ಕೆರೆದು, ಮೇಲೊಂದು ಚೂರು ಬೆಣ್ಣೆ ಇಟ್ಟು ಅವನಿಗೊಬ್ಬನಿಗೇ ಕೊಡುತ್ತಿದ್ದಳು.

“ಈ ಜಾಗ ನಿನಗೆ ಹೇಗೆ ಗೊತ್ತಯ್ಯಾ?” ಎಂದು ಕೇಳಿದ್ದೆ.

“ಗಾಡಿ ನಿಲ್ಸಕ್ ಜಾಗ ಹುಡುಕ್ವಾಗ ಸಿಕ್ತು ಸಾ.”

ಕಾರ್ತೀಕದ ಒಂದು ದಿನ ಅವನು ನಿದ್ದೆಯಲ್ಲೇ ಹೋದ. ಬೆಳಿಗ್ಗೆ ಹೆಂಡತಿ ಕಾಫಿ ತಂದು ಎಬ್ಬಿಸಿದಾಗ ಏಳಲಿಲ್ಲ. ಮಣ್ಣಿಗೆ ಹೋಗಿದ್ದೆ. ಹದಿನೈದು ದಿನದಲ್ಲಿ ಅವನ ಹೆಂಡತಿ ಮಗಳ ಊರಿಗೆ ಹೊರಟಳು, ಕಾರನ್ನು ಅಳಿಯ ಮಾರಿದ. ಎಲ್ಲವೂ ಕ್ರಮವಾಗಿ ಆಯಿತು.

ಮುಂದಿನ ಎರಡನೇ ಶನಿವಾರ ಬೆಳಿಗ್ಗೆ ಆರಕ್ಕೆ ನಾನು ಶರ್ಟು ಹಾಕಿಕೊಂಡು ಮಂಚದ ಮೇಲೆ ಕೂತಿದ್ದೆ. ಕೆಳಗೆ ಹಾಲಿನವನ ಸೈಕಲ್ಲು ಹೋಯಿತು, ತರಕಾರಿ ಆಟೋ ಹೋಯಿತು. ಆರೂವರೆಯವರೆಗೂ ಕೂತಿದ್ದು, ಸರ್ಕಾರಿ ಕೆಲಸ ನಿಲ್ಲಬಾರದು ಎಂದು ನನಗೆ ನಾನೇ ಆದೇಶ ಹೊರಡಿಸಿಕೊಂಡು, ಟವೆಲ್ಲು ಹೆಗಲಿಗೆ ಹಾಕಿ ಇಳಿದೆ.

ಕುದುರೆ ಫಾರಂ ಗೋಡೆಯ ಹತ್ತಿರದ ಕಾಫಿಯವನೂ ಮಣ್ಣಿಗೆ ಬಂದಿದ್ದ. ಒಂದೇ ಲೋಟ ಇಟ್ಟ. ಅವನು ಮಾಡಿದ್ದು ಸರಿಯೇ. ಆದರೆ ಕಟ್ಟೆಯ ಮೇಲೆ ಕೂತ ಆ ಒಂದು ಲೋಟವನ್ನು ನೋಡುತ್ತ ಕಾಫಿ ಕುಡಿಯುವುದು ನನ್ನ ಕೈಲಾಗಲಿಲ್ಲ. ಅರ್ಧಕ್ಕೇ ಬಿಟ್ಟು ಬಸ್‌ಸ್ಟ್ಯಾಂಡಿಗೆ ನಡೆದೆ. ಆ ರಸ್ತೆಯಲ್ಲಿ ಇಷ್ಟು ವರ್ಷ ಓಡಾಡಿದ ನನಗೆ ತುಮಕೂರು ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಗೊತ್ತಿರಲಿಲ್ಲ. ಸೌತೆಕಾಯಿ ಮಾರುವವಳು ತೋರಿಸಿದಳು.

ಬಸ್ಸಿನ ಪ್ರಯಾಣದಲ್ಲಿ ತಿಂಡಿಯ ವಿಷಯಕ್ಕೆ ಒಂದು ದೊಡ್ಡ ಕೊರತೆಯಿದೆ: ಅದು ನಿಮಗೆ ಹಸಿದಲ್ಲಿ ನಿಲ್ಲುವುದಿಲ್ಲ, ಕಂಡಕ್ಟರಿಗೆ ಜನ ಸಿಕ್ಕಲ್ಲಿ ನಿಲ್ಲುತ್ತದೆ. ಹೆಬ್ಬೂರಿನಲ್ಲಿ ಬಜ್ಜಿಯ ತಳ್ಳುಗಾಡಿ ನನ್ನ ಕಿಟಕಿಯ ಕೆಳಗೇ ಹಾದುಹೋಯಿತು. ಬಜ್ಜಿಯವನು ಜಾಲರಿ ಸೌಟು ಎತ್ತಿ ಹಿಡಿದು, ಕುಣಿಗಲ್ ಕಡೆಯಿಂದ ಬರುವ ರಸ್ತೆಯನ್ನು ನೋಡುತ್ತಿದ್ದ. ಬಿಳಿ ಕಾರು ನೋಡುತ್ತಿದ್ದನೋ, ಸುಮ್ಮನೆ ನೋಡುತ್ತಿದ್ದನೋ, ಗೊತ್ತಿಲ್ಲ. ಬಸ್ಸಿನೊಳಗಿದ್ದ ನನ್ನನ್ನಂತೂ ನೋಡಲಿಲ್ಲ.

ತುಮಕೂರಿನ ಗಲ್ಲಿಯಲ್ಲಿ ಕಿಕ್ಕಿರಿದ ಜನ. ಒಂದು ಟೇಬಲ್ಲು ಖಾಲಿಯಾಯಿತು. ಕೂತೆ. ಕೈ ತನ್ನಷ್ಟಕ್ಕೆ ತಾನೇ ಟವೆಲ್ಲನ್ನು ಎದುರಿನ ಕುರ್ಚಿಗೆ ಹಾಕಿತು. ಅದು ನಾನು ಬೇಕೆಂದು ಮಾಡಿದ್ದಲ್ಲ. ಒಂಬತ್ತು ವರ್ಷದ ಅಭ್ಯಾಸ ಮಾಡಿದ್ದು. ಮೊಣಕೈವರೆಗೆ ತಟ್ಟೆ ಜೋಡಿಸಿಕೊಂಡು ಸಪ್ಲೈಯರು ಬಂದ. ಅವನಿಗೂ ನಮ್ಮನ್ನು ನೋಡಿ ನೋಡಿ ತಲೆ ನರೆತಿದೆ.

“ಏನ್ ಸಾರ್, ಒಬ್ರೇ ಕುಂತಿದೀರ? ಡ್ರೈವರ್ರು ಗಾಡಿ ನಿಲ್ಸಕ್ ಹೋದ್ರಾ?”

ಮರಣವಾರ್ತೆ ತಿಳಿಸಲು ಒಂದು ಕ್ರಮವಿದೆ. ಕೂರಿಸಿ, ನೀರು ಕೊಟ್ಟು, ಧ್ವನಿ ಇಳಿಸಿ ಹೇಳಬೇಕು. ಏಳು ತಟ್ಟೆ ಬಿಸಿ ಇಡ್ಲಿ ಹೊತ್ತು ಒಂದು ಕಾಲಲ್ಲಿ ನಿಂತವನಿಗೆ, “ಸಾರ್, ಚಟ್ನಿ!” ಎಂದು ನಾಲ್ಕು ಕಡೆಯಿಂದ ಜನ ಕೂಗುತ್ತಿರುವಾಗ ಹೇಳುವ ಪದ್ಧತಿ ನಮ್ಮಲ್ಲಿಲ್ಲ.

“ಹೂಂ,” ಎಂದೆ.

“ಸಿಕ್ದಂಗೇ ಜಾಗ! ಇವತ್ತು ಪಾರ್ಕಿಂಗು ಯಾವ ಸೈಡಂತೆ?” ಎಂದು ನಗುತ್ತ ಎರಡು ತಟ್ಟೆ ಇಟ್ಟುಹೋದ.

ಆ ಎರಡು ತಟ್ಟೆಗಳನ್ನು ನೋಡಿದ ಕೂಡಲೇ ಬೆಳಿಗ್ಗೆಯಿಂದ ಇಲ್ಲದ ಹಸಿವು ಬಂತು. ನಿಧಾನವಾಗಿ ನನ್ನದನ್ನು ತಿಂದೆ. ಆಮೇಲೆ ಅವನದನ್ನೂ ತಿಂದೆ. ನನ್ನ ವಯಸ್ಸಿಗೆ ಎರಡು ತಟ್ಟೆ ಇಡ್ಲಿ ಎಂದರೆ ಧೈರ್ಯದ ಕೆಲಸ.

ಗುಬ್ಬಿಗೆ ಹೋಗುವ ಹೊತ್ತಿಗೆ ಸುಳ್ಳು ನಾಲಿಗೆಯ ತುದಿಗೆ ಬಂದು ಕೂತಿತ್ತು. ಒಲೆಯ ಮುಂದಿನಿಂದಲೇ ಆಕೆ ಕೇಳಿದಳು.

“ಡ್ರೈವರಣ್ಣ ಎಲ್ಲಿ ಸಾಮೇರೆ?”

“ಗಾಡಿ ಹತ್ತಿರ ಇದ್ದಾನಮ್ಮ. ಯಾಕೋ ಇಂಜಿನ್ ಸದ್ದು ಸರಿಯಿಲ್ಲವಂತೆ.”

“ಹಂಗಾರೆ ಚಕ್ಕೆ ಕಟ್ಕೊಡ್ತೀನಿ, ಕೊಟ್ಬುಡಿ.”

ಮುತ್ತುಗದ ಎಲೆಯಲ್ಲಿ ಕಟ್ಟಿಕೊಟ್ಟಳು. ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ. ಮನೆಯಲ್ಲಿ ಬಿಚ್ಚಿ ಬಾಯಿಗಿಟ್ಟರೆ ನನ್ನ ಕಟ್ಟಿಸಿದ ಹಲ್ಲು ಒಪ್ಪಲಿಲ್ಲ. ಎಸೆಯಲು ಮನಸ್ಸು ಬರಲಿಲ್ಲ. ಒಂದು ಸ್ಟೀಲ್ ಡಬ್ಬದಲ್ಲಿ ಹಾಕಿ ಮುಚ್ಚಿಟ್ಟೆ.

ಹೀಗೆ ಐದು ತಿಂಗಳು ನಡೆಯಿತು. ಸಂಕ್ರಾಂತಿಯ ತಿಂಗಳಲ್ಲಿ ಟೈರು ಪಂಚರಾಯಿತು. ಅದರ ಮುಂದಿನ ತಿಂಗಳು ಅವನಿಗೆ ಸೊಂಟನೋವು, ಇಳಿಯಲಾರ. ಬದುಕಿದ್ದಾಗ ಬಾರದ ಕಾಯಿಲೆಗಳೆಲ್ಲ ಸತ್ತ ಮೇಲೆ ಬಂದವು. ಶಿವರಾತ್ರಿ ಕಳೆದ ಮೇಲೆ, ಅವನು ಸೀಟಿಗೆ ಹೊಸ ಕವರು ಹಾಕಿಸಿದ್ದಾನೆ, ಗಾಡಿ ಬಿಟ್ಟು ಬರಲೊಲ್ಲ ಎಂದೆ.

“ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು! ನಾನಂದೆ ಅಂತ ಹೇಳಿ ಸಾಮೇರೆ. ಉಣ್ಣೋ ಹೊತ್ನಲ್ಲಿ ಗಾಡಿ ಕಾಯ್ತಾ ಕುಂತವ್ನೆ, ಗಾಡಿ ಏನ್ ಮುದ್ದೆ ಇಕ್ಕದಾ ಇವ್ನಿಗೆ?”

“ಹೇಳ್ತೀನಮ್ಮ,” ಎಂದೆ. ಕಡಬದ ಏರಿಯ ಮೇಲೆ ಬಸ್ಸು ಹೋಗುವಾಗ ಹೇಳಿದೆ ಕೂಡ, ಮನಸ್ಸಿನಲ್ಲಿ. ಅವನು ಏನನ್ನುತ್ತಿದ್ದ ಎಂಬುದೂ ಕೇಳಿಸಿತು.

ಇದು ತಪ್ಪು ಎಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಕುಣಿಗಲ್ಲಿನಲ್ಲಿ ಎಲ್ಲರೂ ಅವನ ಬಗ್ಗೆ ಸತ್ತವನೆಂದು ಮಾತಾಡುವುದನ್ನೂ ನಿಲ್ಲಿಸಿದ್ದರು. ಅವನ ಸುದ್ದಿಯೇ ಇಲ್ಲ. ಇಡೀ ತಿಂಗಳಿನಲ್ಲಿ ಅವನನ್ನು ಬೈಯುವವಳು, ಅವನಿಗಾಗಿ ತಳ ಕೆರೆಯುವವಳು ಆಕೆಯೊಬ್ಬಳೇ. ಆ ಒಂದು ಜಾಗವೂ ಹೋದರೆ ಎರಡನೇ ಶನಿವಾರವೆಂಬುದು ಬರೀ ಶನಿವಾರವಾಗಿಬಿಡುತ್ತಿತ್ತು. ನನಗೆ ಅಂಥ ಶನಿವಾರಗಳು ಬೇಕಾದಷ್ಟಿವೆ.

ಚೈತ್ರದ ಎರಡನೇ ಶನಿವಾರ ಗುಬ್ಬಿ ತಲುಪಿದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಟವೆಲ್ಲು ಹಾಸಿ ಕೂತೆ. ಆಕೆ ಮುದ್ದೆ, ಬಸ್ಸಾರು ಇಟ್ಟು ಅಲ್ಲೇ ನಿಂತಳು.

“ಇವತ್ತು ಡ್ರೈವರಣ್ಣನ್ನ ಒಳಕ್ ಕರೀರಿ ಸಾಮೇರೆ. ಮುಂದಿನ್ ತಿಂಗ್ಳಿಂದ ಸೌದೆ ಒಲೆ ಇರಕಿಲ್ಲ. ಹೊಗೆ ಎದೆಗಾಗಲ್ಲ ಅಂದವ್ರೆ ಡಾಕ್ಟ್ರು. ಗ್ಯಾಸು ತಂದಿದೀನಿ, ಹೊಸ ಪಾತ್ರೆ. ಅದ್ರಲ್ಲಿ ತಳಾನೇ ಹತ್ತಕಿಲ್ವಂತೆ. ಚಕ್ಕೆ ಇವತ್ತೇ ಕೊನೆ.”

“ಕಟ್ಟಿಕೊಡಿ ತಾಯಿ. ಗಾಡಿಯಲ್ಲೇ ತಿಂತಾನೆ.”

“ಕಟ್ಕೊಟ್ಟು ಕಟ್ಕೊಟ್ಟು ಸಾಕಾಯ್ತು. ಬಿಸೀಲಿ ತಿಂದ್ರೇ ಅದ್ರ ರುಚಿ. ಎಲ್ಲಿ ನಿಲ್ಸವ್ರೆ? ಹೊಂಗೆ ಮರದ ತಾವ್ಲೇ ಅಲ್ವಾ? ನಾನೇ ಕೊಟ್ಬತ್ತೀನಿ.”

ನಾನು “ಅಮ್ಮಾ, ಅಮ್ಮಾ” ಎನ್ನುವುದರೊಳಗೆ ಸೆರಗು ತಲೆಗೆ ಹೊದ್ದು, ಚಕ್ಕೆಯ ತಟ್ಟೆ ಹಿಡಿದು ಬೀದಿಗಿಳಿದಿದ್ದಳು. ಎಂಜಲು ಕೈಯಲ್ಲೇ ಹಿಂದೆ ಓಡಿದೆ. ಓಡಿದೆ ಎಂದರೆ ನನ್ನ ಮಟ್ಟಿಗೆ ಓಟ. ಬೀದಿಯ ನಾಯಿ ತಲೆಯೆತ್ತಲಿಲ್ಲ.

ಹೊಂಗೆ ಮರದ ನೆರಳಿನಲ್ಲಿ, ಸರಿಯಾಗಿ ಅವನು ನಿಲ್ಲಿಸುತ್ತಿದ್ದ ಜಾಗದಲ್ಲಿ, ಒಂದು ಬಿಳಿ ಕಾರು ನಿಂತಿತ್ತು. ನನ್ನ ಕಣ್ಣು ಮೊದಲು ನಂಬರ್ ಪ್ಲೇಟಿಗೆ ಹೋಯಿತು. ಆಕೆ ಹೋಗಿ ಗಾಜು ಬಡಿದಳು. ಸೀಟು ಹಿಂದಕ್ಕೆ ಒರಗಿಸಿ ಮಲಗಿದ್ದ ಒಬ್ಬ ಅಪರಿಚಿತ ಗಾಬರಿಯಿಂದ ಎದ್ದು ಗಾಜು ಇಳಿಸಿದ.

“ಏನಮ್ಮಾ?”

“ಡ್ರೈವರಣ್ಣ ಎಲ್ಲಪ್ಪಾ?”

“ನಾನೇ ಡ್ರೈವರ್ರು.”

“ನೀನಲ್ಲ ಕಣಪ್ಪ. ನಮ್ ಡ್ರೈವರಣ್ಣ.” ನನ್ನ ಕಡೆ ತಿರುಗಿದಳು. “ಯಾರು ಸಾಮೇರೆ ಇವನು?”

“ಇದು ನಮ್ಮ ಗಾಡಿ ಅಲ್ಲಮ್ಮ.”

“ಮತ್ತೆ ನಿಮ್ದೆಲ್ಲಿ?”

“ನಾನು ಬಸ್ಸಲ್ಲಿ ಬಂದೆ.”

“ಡ್ರೈವರಣ್ಣ?”

ಧ್ವನಿ ಇಳಿಸಬೇಕು, ಕೂರಿಸಬೇಕು, ನೀರು ಕೊಡಬೇಕು. ಅಲ್ಲಿ ಕೂರಿಸಲು ಜಾಗವಿರಲಿಲ್ಲ, ನನ್ನ ಕೈ ಎಂಜಲು.

“ಅವನು ಕಾರ್ತೀಕದಲ್ಲೇ ಹೋದನಮ್ಮ.”

“ಎಲ್ಲಿಗೆ?”

ನಾನು ಎಂಜಲು ಕೈಯನ್ನು ಬೆನ್ನ ಹಿಂದೆ ಹಿಡಿದುಕೊಂಡೆ. ಅವಳ ಕೈಯ ತಟ್ಟೆ ನಿಧಾನವಾಗಿ ಕೆಳಗಿಳಿಯಿತು. ಬೆಣ್ಣೆ ಕರಗಿ ಚಕ್ಕೆಯ ಅಂಚಿನಿಂದ ಇಳಿಯುತ್ತಿತ್ತು.

“ಕಾರ್ತೀಕ... ಅಂದ್ರೆ ಅವರೆಕಾಳಿನ್ ಟೈಮಲ್ಲಿ ನೀವ್ ಬಂದಾಗ್ಲೇ?”

“ಹೌದು.”

“ಐದ್ ತಿಂಗ್ಳಿಂದ ಬಾಯ್ಗ್ ಬಂದಂಗೆ ಬೈದಿದ್ನಲ್ಲ ಸಾಮೇರೆ, ಇಲ್ದಿರೋರ್ನ! ಒಂದ್ ಮಾತು ಹೇಳ್ಬಾರ್ದಾ? ಇಷ್ಟ್ ಓದವ್ರೆ, ಇಂಜಿನೀರು!”

ಸಮಜಾಯಿಷಿ ಬರೆಯುವುದು ಬೇರೆ, ನಿಂತು ಹೇಳುವುದು ಬೇರೆ.

“ಚಕ್ಕೆ ಯಾರ್ ತಿಂದ್ರು?”

“ಡಬ್ಬದಲ್ಲಿದೆಯಮ್ಮ. ನನ್ನ ಹಲ್ಲಿಗೆ ಆಗುವುದಿಲ್ಲ.”

ಆಕೆ ನನ್ನನ್ನೇ ನೋಡಿದಳು. ಬಾಯಿಂದ ನಗುವಿನಂಥದ್ದೊಂದು ಬಂತು. ಕೂಡಲೇ ಸೆರಗು ಬಾಯಿಗೆ ಹೋಯಿತು.

“ಅಮ್ಮಾ, ಗ್ಲಾಸ್ ಏರಿಸ್ಲಾ? ಎ.ಸಿ. ಹೋಗ್ತದೆ,” ಎಂದ ಕಾರಿನವನು. ಅವನಿಗೂ ಕೇಳಲು ಸಂಕೋಚವಾಗಿತ್ತು ಪಾಪ.

“ಏರಿಸ್ಕಳಪ್ಪ,” ಎಂದಳು. ಇಬ್ಬರೂ ನೆರಳಿನ ಅಂಚಿನಲ್ಲಿ ನಿಂತೆವು. ಆಕೆ ಮೂಗು ಒರೆಸಿಕೊಂಡು, ನನಗೆ ಹೇಳುತ್ತಿದ್ದಾಳೋ ಮರಕ್ಕೆ ಹೇಳುತ್ತಿದ್ದಾಳೋ ಎಂಬಂತೆ ಹೇಳಿದಳು.

“ಜೀಪಿನ್ ಕಾಲ್ದಲ್ಲೂ ಹಿಂಗೇ. ನೀವು ದೊಡ್ ಹೋಟ್ಲಿಗೆ ಹೋಗ್ತಿದ್ರಿ, ಅವ್ರು ನಮ್ ಹಿತ್ಲ ಬಾಗ್ಲಲ್ಲಿ ಕುಂತು ಉಣ್ಣೋರು. ಎರಡ್ನೇ ಮುದ್ದೆ ಇಕ್ಕಕ್ ಹೋದ್ರೆ ಕೈ ಅಡ್ಡ ಇಡೋರು. ‘ಬ್ಯಾಡಕ್ಕಾ. ನಮ್ ಸಾಹೇಬ್ರು ಅಲ್ಲಿ ಒಬ್ರೇ ಕುಂತು ಉಣ್ತಾವ್ರೆ. ಒಬ್ರೇ ಕುಂತೋರ್ ಊಟ ಬಿರ್‍ರನೆ ಮುಗೀತದೆ. ನಾನ್ ಹೋಗ್ಬೇಕು’ ಅನ್ನೋರು. ಅರೆಹೊಟ್ಟೇಲಿ ಎದ್ದೋಯ್ತಾರಲ್ಲಾ ಅಂತ ಚಕ್ಕೆ ಕೈಗ್ ಕೊಡ್ತಿದ್ದೆ, ದಾರೀಲಿ ತಿಂದ್ಕಂಡ್ ಹೋಗ್ಲಿ ಅಂತ. ಅದು ಹಂಗೇ ಅಭ್ಯಾಸ ಆಗೋಯ್ತು.”

ಹದಿನೆಂಟು ವರ್ಷ ಊಟದ ಹೊತ್ತಿನಲ್ಲಿ ನಾನು ಒಬ್ಬನೇ ಕೂತಿದ್ದೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಅಧಿಕಾರಿ ಊಟ ಮಾಡುತ್ತಿದ್ದಾನೆ ಎಂದುಕೊಂಡಿದ್ದೆ. ಅದನ್ನು ಬೇರೆ ಹೆಸರಿನಿಂದ ಕರೆದವನು ಅವನೊಬ್ಬ. ಕರೆದು, ಅರ್ಧ ಊಟ ಬಿಟ್ಟು ಬಂದು ಬಾಗಿಲಲ್ಲಿ ಜೀಪು ನಿಲ್ಲಿಸಿಕೊಂಡು ಕೂರುತ್ತಿದ್ದ. ನಾನು ಅವನಿಗೆ ಕುರ್ಚಿ ಕೊಟ್ಟು ಉಪಕಾರ ಮಾಡಿದೆ ಎಂದು ಒಂಬತ್ತು ವರ್ಷ ಒಳಗೊಳಗೇ ಬೀಗಿದ್ದೆ.

ಆಕೆ ತಟ್ಟೆಯನ್ನು ನನ್ನ ಕಡೆಗೆ ಚಾಚಿದಳು.

“ತಿನ್ನಿ.”

“ಹಲ್ಲು...”

“ಬಾಯಲ್ಲಿ ನೆನ್ಸಿ ತಿನ್ನಿ. ಅವ್ಸರ ಏನೈತೆ?”

ಅವಸರ ಏನೂ ಇರಲಿಲ್ಲ. ಒಂದು ಚೂರು ಮುರಿದು ಬಾಯಲ್ಲಿಟ್ಟುಕೊಂಡೆ. ಮೊದಲು ಬರೀ ಹೊಗೆ, ಆಮೇಲೆ ಬೆಣ್ಣೆ, ಬಹಳ ಹೊತ್ತಾದ ಮೇಲೆ ರಾಗಿ. ಅವನು ಅದನ್ನು ಕರಕರನೆ ಅಗಿಯುವ ಸದ್ದಷ್ಟೇ ನನಗೆ ಗೊತ್ತಿತ್ತು, ರುಚಿ ಗೊತ್ತಿರಲಿಲ್ಲ. ಒಂದು ಸಲವೂ “ನನಗೊಂದು ಚೂರು ಕೊಡು” ಎಂದು ಕೇಳಿರಲಿಲ್ಲ.

ಒಳಗೆ ಬಂದಾಗ ನನ್ನ ಟೇಬಲ್ಲಿನ ಎದುರಿನ ಕುರ್ಚಿಯಲ್ಲಿ ಒಬ್ಬ ಕೂತಿದ್ದ. ತೆಂಗಿನಕಾಯಿ ಮಂಡಿಯವನಿರಬೇಕು, ಅಂಗಿಯ ಮೇಲೆಲ್ಲ ನಾರು. ಟವೆಲ್ಲಿಗೇ ಒರಗಿದ್ದ.

“ಏಳಪ್ಪಾ, ಅದು...” ಎಂದು ಆಕೆ ಶುರುಮಾಡಿದಳು.

“ಇರಲಿ,” ಎಂದೆ.

ಅವನು ಮುದ್ದೆ ಮುರಿಯುತ್ತ ನನ್ನನ್ನು ನೋಡಿದ. “ಯಾರಾನ ಬರೋರಿದ್ರಾ ಯಜಮಾನ್ರೇ?”

ಐದು ತಿಂಗಳಿನಿಂದ ಈ ಪ್ರಶ್ನೆಗೆ ನಾನು ಟೈರು, ಸೊಂಟ, ಸೀಟು ಕವರು ಎಂದೆಲ್ಲ ಉತ್ತರ ಕೊಟ್ಟಿದ್ದೆ.

“ಇಲ್ಲ. ಊಟ ಮಾಡಿ.”

ಅವನು ಮೊಬೈಲಿನಲ್ಲಿ ಏನೋ ನೋಡುತ್ತ, ನನ್ನ ಆರಿದ ಮುದ್ದೆ ಅರ್ಧಕ್ಕೆ ಬರುವುದರೊಳಗೆ ಎರಡು ಮುದ್ದೆ ಮುಗಿಸಿ, ಕೈತೊಳೆದು ಹೋದ. ಒಬ್ಬರೇ ಕೂತವರ ಊಟ ಬೇಗ ಮುಗಿಯುತ್ತದೆ ಎಂಬುದು ಪ್ರತ್ಯಕ್ಷವಾಯಿತು. ನಾನು ಬೇಕೆಂದೇ ನಿಧಾನ ಮಾಡಿದೆ. ಎಷ್ಟು ನಿಧಾನ ಮಾಡಿದರೂ ಒಂದು ಮುದ್ದೆ ಒಂದೇ ಮುದ್ದೆ.

ಹೊರಡುವಾಗ ಟವೆಲ್ಲನ್ನು ತೆಗೆದು ನಾರು ಕೊಡವಿದೆ. ಬಾಗಿಲಲ್ಲಿ ಆಕೆ ಹೇಳಿದಳು:

“ಊಟ ಗ್ಯಾಸಿಂದಾದ್ರೂ ಬನ್ನಿ ಸಾಮೇರೆ. ಬಸ್ಸಲ್ಲೇ ಬನ್ನಿ. ಒಬ್ರೇ ಬಂದಿದೀನಿ ಅಂತ್ಲೇ ಹೇಳ್ಕಂಡ್ ಬನ್ನಿ.”

ಹೊಂಗೆ ಮರದ ಕೆಳಗೆ ಕಾರು ಹೊರಟುಹೋಗಿತ್ತು. ಜಾಗ ಖಾಲಿಯಿತ್ತು. ಎಷ್ಟು ಹೊತ್ತು ಬೇಕಾದರೂ ನಿಲ್ಲಿಸಬಹುದಾಗಿತ್ತು.

ಕಡಬದ ಏರಿಯ ಮೇಲೆ ಬಸ್ಸು ಬಂದಾಗ ಕೆರೆಯ ಕಡೆ ನೋಡಿದೆ. ನೀರು ಇಳಿದಿತ್ತು. ಬರೆದುಕೊಂಡಿರಾ ಎಂದು ಯಾರೂ ಕೇಳಲಿಲ್ಲ. ಪಕ್ಕದ ಸೀಟಿನಲ್ಲಿ ನನ್ನ ಟವೆಲ್ಲಿತ್ತು. ಯಾವಾಗ ಹಾಕಿದೆನೋ ತಿಳಿಯದು. ಕಡಬದಲ್ಲಿ ಹತ್ತಿದ ಒಬ್ಬ ಹೆಂಗಸು ಅದನ್ನು ಎತ್ತಿ ನನ್ನ ಕೈಗೆ ಕೊಟ್ಟು, ಕೂತು, ಕುಣಿಗಲ್ಲಿನವರೆಗೂ ನಿದ್ದೆ ಮಾಡಿದಳು.

ಹೀಗೆ ಅವನು ಈಗ ಕುಣಿಗಲ್ಲಿನಲ್ಲಿಲ್ಲ, ಗುಬ್ಬಿಯಲ್ಲಿಯೂ ಇಲ್ಲ. ತುಮಕೂರಿನಲ್ಲಿ ನಾನು ಇನ್ನೂ ಹೇಳಿಲ್ಲ. ಅವತ್ತು ಬೆಳಿಗ್ಗೆಯೂ ಸಪ್ಲೈಯರು ಎರಡು ತಟ್ಟೆ ಇಟ್ಟಿದ್ದ, ನಾನು ಎರಡೂ ತಿಂದಿದ್ದೆ. ಹೇಳಬೇಕು, ಗೊತ್ತಿದೆ. ಆದರೆ ಆ ಗಲ್ಲಿಯ ಆಚೆಯ ರಸ್ತೆಯಲ್ಲಿ ಸಮ ತಾರೀಕಿಗೆ ಒಂದು ಕಡೆ, ಬೆಸ ತಾರೀಕಿಗೆ ಇನ್ನೊಂದು ಕಡೆ ಗಾಡಿ ನಿಲ್ಲಿಸಬೇಕೆಂಬ ನಿಯಮವಿದೆ. ಎರಡು ಕಡೆಯೂ ಯಾವಾಗಲೂ ತುಂಬಿರುತ್ತದೆ. ಅಲ್ಲಿ ಒಬ್ಬ ಮನುಷ್ಯ ಇನ್ನೂ ಜಾಗ ಹುಡುಕುತ್ತಿದ್ದಾನೆ ಎಂದರೆ ಯಾರೂ ಅನುಮಾನ ಪಡುವುದಿಲ್ಲ.